ಸೆಲ್ ಉಳಿಸುವ ಔಷಧಿ ಹುಡುಕೋದಕ್ಕೆ ಯಾವ ಅಸ್ಸೇ, ಯಾವ ಸೆಲ್, ಯಾವ ವಿಷ?

ಸಣ್ಣ ಸಣ್ಣ ಗುಂಡಿಗಳಿರುವ ಪ್ಲೇಟಿನಲ್ಲಿ ಸೆಲ್‌ಗಳಿಗೆ ವಿಷದ ಜೊತೆ ಒಂದೆಲಗದ ಸಾರ ಹಾಕಿದ್ದ ಸಾಲು ಕಡು ನೇರಳೆಗೆ ತಿರುಗಿತ್ತು. ಪಕ್ಕದ ಸಾಲಿಗೆ ಬರೀ ವಿಷ ಹಾಕಿದ್ದೆ, ಅದು ಪೇಲವ ಹಳದಿಯಾಗೇ ಉಳಿದಿತ್ತು. ಅಸ್ಸೇ ಅಂದರೆ ಅಳೆಯುವ ಪರೀಕ್ಷೆ; ಎಂಟಿಟಿ ಎಂಬ ಬಣ್ಣದ ಅಸ್ಸೇಯಲ್ಲಿ ನೇರಳೆ ಅಂದರೆ ಸೆಲ್ ಬದುಕಿದೆ ಅಂತ ಲೆಕ್ಕ. ಪ್ಲೇಟನ್ನು ಟ್ಯೂಬ್‌ಲೈಟಿಗೆ ಹಿಡಿದು ಇಡೀ ಲ್ಯಾಬಿಗೆ ತೋರಿಸಿದೆ. ಪರೀಕ್ಷೆ ಬಂತು ಅಂದರೆ ಅಜ್ಜಿ ತಂಬುಳಿ ಮಾಡಿ ಬಡಿಸುತ್ತಿದ್ದ ಸೊಪ್ಪು ಅಲ್ವಾ, ಖುಷಿ ಸ್ವಲ್ಪ ಜಾಸ್ತಿಯೇ ಆಗಿತ್ತು.

ಸೀನಿಯರ್ ಒಬ್ಬರು ಒಂದೇ ಪ್ರಶ್ನೆ ಕೇಳಿದರು. "ಬಣ್ಣ ಹಾಕೋ ಮುಂಚೆ ಮೈಕ್ರೋಸ್ಕೋಪಲ್ಲಿ ನೋಡಿದ್ಯಾ?" ನೋಡಿರಲಿಲ್ಲ. ಮಾರನೇ ದಿನ ಅವರು ಹೇಳಿದಂತೆ ಖಾಲಿ ಗುಂಡಿಗಳಿಗೆ ಬರೀ ಮೀಡಿಯಂ (ಸೆಲ್ ಬೆಳೆಸುವ ಪೋಷಕ ದ್ರವ), ಒಂದೆಲಗದ ಸಾರ, ಎಂಟಿಟಿ ಹಾಕಿ ಇಟ್ಟೆ. ಒಂದೇ ಒಂದು ಸೆಲ್ ಇಲ್ಲ. ಊಟ ಮುಗಿಸಿ ಬರುವಷ್ಟರಲ್ಲಿ ಅಲ್ಲೂ ನೇರಳೆ.

ಆವತ್ತಿನಿಂದ ನಾನು ಸ್ಕ್ರೀನಿಂಗ್ (ಹಲವು ಅಣುಗಳಲ್ಲಿ ಕೆಲಸ ಮಾಡುವುದನ್ನು ಹುಡುಕುವ) ವಿಧಾನಗಳನ್ನು ಹೋಲಿಸುವ ರೀತಿಯೇ ಬದಲಾಯಿತು. ಯಾವುದು ಅಗ್ಗ, ಯಾವುದು ಬೇಗ ಅನ್ನೋದು ಆಮೇಲೆ. ಯಾವುದು ಎಲ್ಲಿ ಸುಳ್ಳು ಹೇಳುತ್ತದೆ ಅನ್ನೋದು ಮೊದಲು. ಪಾರ್ಕಿನ್ಸನ್, ಎಎಲ್‌ಎಸ್‌ನಂಥ ಕಾಯಿಲೆಗಳಲ್ಲಿ ನರಕೋಶಗಳು ಸಾಯೋದನ್ನು ತಡೆಯುವ ಅಣು ಹುಡುಕಬೇಕು ಅಂತ ಬೆಂಗಳೂರಿನ ಯಾವುದಾದರೂ ಲ್ಯಾಬಿನಲ್ಲಿ ಕೂತು ಪ್ಲಾನ್ ಮಾಡುತ್ತಿದ್ದರೆ, ಈ ಬರಹ ನಿಮಗೆ.

ಮೊದಲು ಸಾವಿನ ದಾರಿ ಹಿಡಿಯಿರಿ

ಸೆಲ್ ಸಾಯೋದಕ್ಕೆ ದಾರಿ ಒಂದಲ್ಲ. ಅಪಾಪ್ಟೋಸಿಸ್ ಅನ್ನುವ ಹೆಸರು 1972ರದು. ಸೆಲ್ ತನ್ನನ್ನು ತಾನೇ ಅಚ್ಚುಕಟ್ಟಾಗಿ ಕಳಚಿಕೊಳ್ಳುವ ದಾರಿ ಅದು, ಕ್ಯಾಸ್ಪೇಸ್ ಎಂಬ ಕಿಣ್ವಗಳು ಕತ್ತರಿ ಹಿಡಿದಿರುತ್ತವೆ. ನೆಕ್ರಾಪ್ಟೋಸಿಸ್‌ನಲ್ಲಿ ಸೆಲ್ ಉಬ್ಬಿ ಒಡೆಯುತ್ತದೆ, ಅದರ ಹಿಂದೆ ರಿಪ್‌ಕೆ1 ಎಂಬ ಕೈನೇಸ್ ಕಿಣ್ವ ಇರುತ್ತದೆ. ಫೆರಾಪ್ಟೋಸಿಸ್‌ಗೆ ಹೆಸರು ಬಿದ್ದದ್ದು 2012ರಲ್ಲಿ. ಕಬ್ಬಿಣದ ಅಂಶದಿಂದ ಸೆಲ್ ಪೊರೆಯ ಕೊಬ್ಬು ಹಳಸಿದ ಎಣ್ಣೆಯ ಹಾಗೆ ಕೆಡುತ್ತಾ ಹೋಗಿ ಸೆಲ್ ಸಾಯುತ್ತದೆ.

ನಿಮ್ಮ ಮಾಡೆಲ್‌ನಲ್ಲಿ ಯಾವ ದಾರಿ ನಡೀತಿದೆ ಅಂತ ತಿಳಿಯಲು ದೊಡ್ಡ ಖರ್ಚೇನಿಲ್ಲ. ವಿಷದ ಜೊತೆ ಒಂದು ಸಾಲಿಗೆ ಜಡ್‌-ವ್ಯಾಡ್ ಹಾಕಿ, ಅದು ಕ್ಯಾಸ್ಪೇಸ್ ತಡೆಯುತ್ತದೆ. ಇನ್ನೊಂದಕ್ಕೆ ನೆಕ್ರೊಸ್ಟಾಟಿನ್‌-1, ಮತ್ತೊಂದಕ್ಕೆ ಫೆರೊಸ್ಟಾಟಿನ್‌-1. ಅವು ಕ್ರಮವಾಗಿ ನೆಕ್ರಾಪ್ಟೋಸಿಸ್, ಫೆರಾಪ್ಟೋಸಿಸ್ ತಡೆಯುತ್ತವೆ. ಯಾವ ಸಾಲು ಉಳಿಯಿತೋ ಅದೇ ಉತ್ತರ. ಯಾವುದೂ ಉಳಿಯದಿದ್ದರೆ ಅದೂ ಉತ್ತರವೇ: ಬಹುಶಃ ವಿಷ ಸುಮ್ನೆ ಹೊಡೆದು ಹಾಕುತ್ತಿದೆ, ಉಳಿಸೋಕೆ ಅಲ್ಲಿ ಏನೂ ಇಲ್ಲ. ಹೀಗೆ ಉಳಿಸಿಕೊಟ್ಟ ಅಣುವೇ ಮುಂದೆ ಪ್ರತಿ ಪ್ಲೇಟಿನಲ್ಲೂ ನಿಮ್ಮ ಪಾಸಿಟಿವ್ ಕಂಟ್ರೋಲ್, ಅಂದರೆ ಉಳಿಸುತ್ತದೆ ಅಂತ ಗೊತ್ತಿದ್ದು ಹೋಲಿಕೆಗೆ ಇಡುವ ಅಣು.

ಈ ಕೆಲಸ ಮಾಡದೆ ಅಸ್ಸೇ ಕಿಟ್ ಆರ್ಡರ್ ಮಾಡಿದವರನ್ನು ನೋಡಿದ್ದೇನೆ. ಸೆಲ್ ಫೆರಾಪ್ಟೋಸಿಸ್‌ನಲ್ಲಿ ಸಾಯುತ್ತಿತ್ತು, ಅವರು ಕ್ಯಾಸ್ಪೇಸ್ ಕಿಟ್ ತರಿಸಿದ್ದರು. ತಿಂಗಳುಗಟ್ಟಲೆ ಸೊನ್ನೆ ಅಳೆದರು.

ಬಣ್ಣ, ಬೆಳಕು, ಸೋರಿಕೆ, ಚಿತ್ರ

ಎಂಟಿಟಿ 1983ರಿಂದ ಬಳಕೆಯಲ್ಲಿದೆ, ಈಗಲೂ ಎಲ್ಲಕ್ಕಿಂತ ಅಗ್ಗ. ಹಳದಿ ಪುಡಿಯನ್ನು ಬದುಕಿರುವ ಸೆಲ್ ನೇರಳೆ ಹರಳಾಗಿ ಮಾಡುತ್ತದೆ, ಅದನ್ನು ಡಿಎಂಎಸ್‌ಒದಲ್ಲಿ ಕರಗಿಸಿ 570 ನ್ಯಾನೋಮೀಟರಿನಲ್ಲಿ ಓದುತ್ತೀರಿ. ಎಲ್ಲ ಕಾಲೇಜಿನಲ್ಲೂ ಇರುವ ರೀಡರ್ ಸಾಕು. ಸುಳ್ಳು ಎಲ್ಲಿ ಅಂದರೆ, ವಿಟಮಿನ್ ಸಿ, ಗಂಧಕದ ಥಯಾಲ್ ಇರುವ ಅಣುಗಳು, ಸೊಪ್ಪು ತೊಗಟೆಗಳಲ್ಲಿರುವ ಪಾಲಿಫಿನಾಲ್‌ಗಳು ಸೆಲ್ ಸಹಾಯವೇ ಇಲ್ಲದೆ ಈ ಬಣ್ಣ ತರುತ್ತವೆ. ನನ್ನ ಒಂದೆಲಗದ ಕಥೆ ಅದೇ. ಗಿಡಮೂಲಿಕೆ ಸ್ಕ್ರೀನ್ ಮಾಡುವವರಿಗೆ ಎಂಟಿಟಿ ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ. ವಿಚಿತ್ರ ಅಂದರೆ ನಮ್ಮಲ್ಲಿ ಅದನ್ನು ಜಾಸ್ತಿ ಬಳಸೋದು ಅವರೇ.

ಸೆಲ್‌ಗೆ ಶಕ್ತಿ ಕೊಡುವ ಅಣು ಎಟಿಪಿ. ಅದನ್ನು ಅಳೆಯುವ ಅಸ್ಸೇ ಮಿಂಚುಹುಳುವಿನ ಲೂಸಿಫರೇಸ್ ಎಂಬ ಕಿಣ್ವ ಬಳಸುತ್ತದೆ. ಸೆಲ್ ಒಡೆದು ಒಳಗಿನ ಎಟಿಪಿ ಹೊರಗೆ ಬಂದರೆ ಲೂಸಿಫರೇಸ್ ಬೆಳಗುತ್ತದೆ. ಒಂದೇ ಸಲ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಓದಿದರೆ ಆಯಿತು, ತೊಳೆಯೋದಿಲ್ಲ, ಕರಗಿಸೋದಿಲ್ಲ. 384 ಗುಂಡಿಯ ಪ್ಲೇಟಿಗೆ ಇದಕ್ಕಿಂತ ಹಿತವಾದದ್ದು ಇಲ್ಲ. ಕಿಟ್ ಮಾತ್ರ ದುಬಾರಿ, ಬೆಳಕು ಅಳೆಯುವ ರೀಡರ್ ಬೇಕು. ಇದರ ಸುಳ್ಳು ಎರಡು. ಕೆಲವು ಅಣುಗಳು ಮಿಂಚುಹುಳುವಿನ ಕಿಣ್ವವನ್ನೇ ಹಿಡಿದುಬಿಡುತ್ತವೆ, ದ್ರಾಕ್ಷಿಯ ರೆಸ್ವೆರಟ್ರಾಲ್ ಅಂಥದ್ದು. ಎರಡನೆಯದು ಇನ್ನೂ ನಾಜೂಕು: ನೀವು ಅಳೆಯುತ್ತಿರೋದು ಎಟಿಪಿ, ಸೆಲ್ ಅಲ್ಲ. ಸೆಲ್ ಬೇಗ ಬೇಗ ಇಬ್ಭಾಗವಾಗುವಂತೆ ಮಾಡುವ ಅಣು ಕೂಡ ಇಲ್ಲಿ ರಕ್ಷಕನ ವೇಷ ಹಾಕಿಕೊಂಡು ಬರುತ್ತದೆ.

ಎಲ್‌ಡಿಎಚ್ ಅಸ್ಸೇ ಉಲ್ಟಾ ಕಡೆಯಿಂದ ನೋಡುತ್ತದೆ. ಬದುಕಿದ್ದನ್ನು ಎಣಿಸೋದಿಲ್ಲ, ಸತ್ತದ್ದರಿಂದ ಸೋರಿದ ಎಲ್‌ಡಿಎಚ್ ಎಂಬ ಕಿಣ್ವವನ್ನು ಅಳೆಯುತ್ತದೆ. ಮೇಲಿನ ಮೀಡಿಯಂ ಸ್ವಲ್ಪ ತೆಗೆದರೆ ಸಾಕು, ಕೆಳಗಿನ ಸೆಲ್ ಇನ್ನೊಂದು ಅಸ್ಸೇಗೆ ಉಳಿಯುತ್ತದೆ. ನನಗೆ ಇದು ಇಷ್ಟವಾಗೋದು ಇದೇ ಕಾರಣಕ್ಕೆ: ಅದೇ ಗುಂಡಿಯಲ್ಲಿ ಮೇಲೆ ಎಲ್‌ಡಿಎಚ್, ಕೆಳಗೆ ಎಟಿಪಿ. ಎರಡೂ ಒಂದೇ ಮಾತು ಹೇಳಿದರೆ ನಂಬಬಹುದು. ಆದರೆ ಮೀಡಿಯಂಗೆ ಬೆರೆಸುವ ಸೀರಂನಲ್ಲೇ ಎಲ್‌ಡಿಎಚ್ ಇರುತ್ತದೆ, ಅದನ್ನು ಕಡಿಮೆ ಮಾಡದಿದ್ದರೆ ಹಿನ್ನೆಲೆಯೇ ಗದ್ದಲ. ಸೋರಿದ ಕಿಣ್ವವೂ ಗಂಟೆಗಳು ಕಳೆದಂತೆ ಮೀಡಿಯಂನಲ್ಲಿ ಕೆಡುತ್ತದೆ. ಸೋಮವಾರ ಸತ್ತ ಸೆಲ್‌ನ ಲೆಕ್ಕವನ್ನು ಗುರುವಾರ ಕೇಳಿದರೆ ಸಿಗೋದಿಲ್ಲ.

ಕ್ಯಾಸ್ಪೇಸ್‌-3/7 ಅಸ್ಸೇ ಬಗ್ಗೆ ಒಂದು ಎಚ್ಚರಿಕೆ. ಅದು ಸಾವನ್ನು ಅಳೆಯೋದಿಲ್ಲ, ಸಾವಿನ ಒಂದು ಮೆಟ್ಟಿಲನ್ನು ಅಳೆಯುತ್ತದೆ. ಕ್ಯಾಸ್ಪೇಸ್ ಮುಚ್ಚಿದರೆ ಕೆಲವು ಸೆಲ್‌ಗಳು ಬದುಕೋದರ ಬದಲು ನೆಕ್ರಾಪ್ಟೋಸಿಸ್ ಕಡೆ ತಿರುಗುತ್ತವೆ. ಸಿಗ್ನಲ್ ಸೊನ್ನೆ, ಸೆಲ್ಲೂ ಸೊನ್ನೆ. ಹೊತ್ತು ಮೀರಿ ಓದಿದರೂ ಸೊನ್ನೆಯೇ ಬರುತ್ತದೆ, ಕಿಣ್ವದ ಉತ್ತುಂಗ ಆಗಲೇ ದಾಟಿರುತ್ತದೆ. ಆದ್ದರಿಂದ ಇದನ್ನು ಮೊದಲ ಸುತ್ತಿಗೆ ಇಡಬೇಡಿ, ಹಿಟ್ (ಮೊದಲ ಸುತ್ತಿನಲ್ಲಿ ಸೆಲ್ ಉಳಿಸಿದ ಅಣು) ಹೇಗೆ ಕೆಲಸ ಮಾಡಿತು ಅಂತ ತಿಳಿಯಲು ಎರಡನೇ ಸುತ್ತಿಗೆ ಇಡಿ. ಅನೆಕ್ಸಿನ್‌-ವಿ ಎಂಬ, ಸಾಯುವ ಸೆಲ್‌ನ ಪೊರೆಗೆ ಅಂಟುವ ಪ್ರೋಟೀನಿನ ಅಸ್ಸೇ ಕೂಡ ಹಾಗೆಯೇ. ಅಂಟಿಕೊಂಡ ನರಕೋಶಗಳನ್ನು ಟ್ರಿಪ್ಸಿನ್ ಕಿಣ್ವ ಹಾಕಿ ಕಿತ್ತಾಗ ಪೊರೆ ಹರಿದು ಚೆನ್ನಾಗಿರೋದೂ ಸತ್ತಂತೆ ಕಾಣುತ್ತದೆ.

ಚಿತ್ರ ತೆಗೆದು ಎಣಿಸುವ ಹೈ ಕಂಟೆಂಟ್ ಇಮೇಜಿಂಗ್ ಅತಿ ಹೆಚ್ಚು ನಿಜ ಹೇಳುತ್ತದೆ. ನ್ಯೂಕ್ಲಿಯಸ್ ಎಷ್ಟು, ಎಷ್ಟು ಮುದುಡಿವೆ, ನರತಂತು ಎಷ್ಟು ಉದ್ದ ಉಳಿದಿದೆ, ಎಲ್ಲ ಒಂದೇ ಓಟದಲ್ಲಿ. ಸೆಲ್ ಸಾಯದಿದ್ದರೂ ತಂತು ಉದುರಿ ಬೋಳಾಗಿ ಕೂತಿರಬಹುದು, ಆ ಸಂಗತಿಯನ್ನು ಎಟಿಪಿ ಎಂದೂ ಹೇಳೋದಿಲ್ಲ. ಮೋಸ ಇರೋದು ತೊಳೆಯುವಾಗ: ಸತ್ತ ಸೆಲ್ ಪ್ಲೇಟಿನಿಂದ ಬಿಟ್ಟುಕೊಂಡು ನೀರಿನ ಜೊತೆ ಹೋಗುತ್ತದೆ, ಉಳಿದವುಗಳಲ್ಲಿ ಶೇಕಡಾ ಎಷ್ಟು ಸತ್ತಿವೆ ಅಂತ ನೋಡಿದರೆ ಎಲ್ಲ ಕ್ಷೇಮ. ಶೇಕಡಾವಾರು ಬಿಡಿ, ಒಟ್ಟು ಎಷ್ಟು ಉಳಿದಿವೆ ಅಂತ ಎಣಿಸಿ. ತಾವೇ ಹೊಳೆಯುವ ಅಣುಗಳೂ ಕಾಟ ಕೊಡುತ್ತವೆ. ಅರಿಶಿನದ ಕರ್ಕ್ಯುಮಿನ್ ಹಸಿರು ಚಾನೆಲ್ಲಿನಲ್ಲಿ ದೀಪಾವಳಿ ಮಾಡುತ್ತದೆ.

ಇಂಥ ಯಂತ್ರ ನಿಮ್ಮಲ್ಲಿ ಇಲ್ಲದಿದ್ದರೆ, ಬಳ್ಳಾರಿ ರಸ್ತೆಯ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯ ಆವರಣದಲ್ಲಿರುವ ಸಿ-ಕ್ಯಾಂಪ್ ಎಂಬ ಕೇಂದ್ರ ಹೊರಗಿನವರಿಗೂ ಶುಲ್ಕ ಪಡೆದು ಉಪಕರಣ ಒದಗಿಸುತ್ತದೆ. ಒಂದು ಮಾತು ನೆನಪಿರಲಿ: ಫಿಕ್ಸ್ ಮಾಡಿದ (ರಾಸಾಯನಿಕ ಹಾಕಿ ಸೆಲ್ ಕೆಡದಂತೆ ನಿಲ್ಲಿಸಿದ) ಪ್ಲೇಟ್ ಊರು ಸುತ್ತುತ್ತದೆ, ಜೀವಂತ ಪ್ಲೇಟ್ ಸುತ್ತೋದಿಲ್ಲ. ಒಮ್ಮೆ ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ಥರ್ಮೋಕೋಲ್ ಡಬ್ಬಿಯಲ್ಲಿ ಜೀವಂತ ಪ್ಲೇಟ್ ಇಟ್ಟುಕೊಂಡು ಕ್ಯಾಬ್ ಹತ್ತಿದ್ದೆ. ಸಿಲ್ಕ್ ಬೋರ್ಡ್ ದಾಟುವ ಹೊತ್ತಿಗೇ ಮೀಡಿಯಂ ಬಣ್ಣ ಬದಲಾಗಿತ್ತು, ಹೆಬ್ಬಾಳ ತಲುಪಿದಾಗ ನರಕೋಶಗಳು ಅರ್ಧ ಮೇಲೆದ್ದು ತೇಲುತ್ತಿದ್ದವು. ಕಂಟ್ರೋಲ್ ಸಾಲೂ ಸತ್ತಿತ್ತು, ಹಾಗಾಗಿ ಕನಿಷ್ಠ ಪಕ್ಷ ಮೋಸ ಹೋಗಲಿಲ್ಲ.

ಯಾವ ಸೆಲ್?

ಎಸ್‌ಎಚ್‌-ಎಸ್‌ವೈ5ವೈ ಎಂಬ ಸೆಲ್ ಎಲ್ಲರ ಫ್ರೀಜರಿನಲ್ಲೂ ಇದೆ. ಬೇಗ ಬೆಳೆಯುತ್ತದೆ, ಬೇಕಾದಷ್ಟು ಸಿಗುತ್ತದೆ, ಹತ್ತು ಪ್ಲೇಟ್ ಹಾಕಿದರೂ ಬೇಸರವಿಲ್ಲ. ಆದರೆ ಅದು ಮಗುವೊಂದರ ನ್ಯೂರೋಬ್ಲಾಸ್ಟೋಮಾದಿಂದ ಬಂದ ಕ್ಯಾನ್ಸರ್ ಸೆಲ್. ಸಾಯದಿರುವುದೇ ಅದರ ಕುಲಕಸುಬು. ಅಂಥದ್ದನ್ನು ಸಾವಿನ ಮಾಡೆಲ್ ಅಂತ ಇಟ್ಟುಕೊಂಡಿದ್ದೇವೆ ಅನ್ನೋದನ್ನು ಮರೆಯಬಾರದು. ಜೊತೆಗೆ ಗ್ಲೂಕೋಸ್ ಜಾಸ್ತಿ ಇರುವ ಮೀಡಿಯಂನಲ್ಲಿ ಇಂಥ ಸೆಲ್‌ಗಳು ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾದ ಸಹಾಯವಿಲ್ಲದೆಯೂ ಹೇಗೋ ಜೀವನ ಸಾಗಿಸುತ್ತವೆ. ಮೈಟೋಕಾಂಡ್ರಿಯಾ ವಿಷ ಪರೀಕ್ಷಿಸುತ್ತಿದ್ದರೆ ಗ್ಲೂಕೋಸ್ ಬದಲು ಗ್ಯಾಲಕ್ಟೋಸ್ ಕೊಟ್ಟು ನೋಡಿ. ಆಗ ವಿಷ ತನ್ನ ಕೆಲಸ ಮಾಡುತ್ತದೆ.

ಇಲಿಮರಿಯ ಮೆದುಳಿನಿಂದ ತೆಗೆದ ಪ್ರಾಥಮಿಕ ನರಕೋಶ ನಿಜವಾದ ನರಕೋಶ, ಇಬ್ಭಾಗವಾಗೋದಿಲ್ಲ. ಆದರೆ ಪ್ರತಿ ವಾರದ ಬ್ಯಾಚ್ ಬೇರೆ, ಪ್ರಾಣಿ ಎಥಿಕ್ಸ್ ಸಮಿತಿಯ ಒಪ್ಪಿಗೆ ಬೇಕು, ಸಾವಿರಾರು ಅಣುಗಳಿಗೆ ಸಾಲೋದಿಲ್ಲ. ಹಿಟ್ ಖಚಿತಪಡಿಸಲು ಮಾತ್ರ ಬಳಸಿ.

ರೋಗಿಯ ಚರ್ಮ ಅಥವಾ ರಕ್ತದಿಂದ ಐಪಿಎಸ್ ಸೆಲ್ (ಬೇಕಾದ ಬಗೆಯ ಸೆಲ್ ಆಗಿ ಬೆಳೆಸಬಹುದಾದ ಸ್ಟೆಮ್ ಸೆಲ್) ಮಾಡಿ, ಅದರಿಂದ ನರಕೋಶ ಬೆಳೆಸೋದು ಮೂರನೇ ದಾರಿ. ಮನುಷ್ಯರ ಐಪಿಎಸ್ ಸೆಲ್ ಬಂದದ್ದು 2007ರಲ್ಲಿ. ಇಲ್ಲಿ ಬೆಂಗಳೂರಿಗೆ ಒಂದು ಅನುಕೂಲ ಇದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ರೋಗಿಗಳ ಕುಟುಂಬಗಳು, ಬಳ್ಳಾರಿ ರಸ್ತೆಯ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್‌ನಲ್ಲಿ ಸ್ಟೆಮ್ ಸೆಲ್ ಪರಿಣತಿ. ಈ ಮೂರೂ ಸೇರಿ ಮಾನಸಿಕ ಮತ್ತು ಮೆದುಳಿನ ಕಾಯಿಲೆ ಇರುವ ಕುಟುಂಬಗಳಿಂದ ಇಂಥ ಸೆಲ್‌ಗಳನ್ನು ಬೆಳೆಸುವ ಕಾರ್ಯಕ್ರಮವನ್ನೇ ನಡೆಸಿವೆ. ಕಾಯಿಲೆಗೆ ಇದಕ್ಕಿಂತ ಹತ್ತಿರದ ಸೆಲ್ ತಟ್ಟೆಯಲ್ಲಿ ಸಿಗೋದಿಲ್ಲ. ಆದರೆ ನರಕೋಶ ಬಲಿಯಲು ವಾರಗಳಲ್ಲ, ತಿಂಗಳುಗಳು ಬೇಕು. ಆ ತಿಂಗಳುಗಳಲ್ಲಿ ಒಮ್ಮೆ ಇನ್ಕ್ಯುಬೇಟರಿಗೆ ಕಾರ್ಬನ್ ಡೈಆಕ್ಸೈಡ್ ನಿಂತರೆ ಕಥೆ ಮುಗಿಯಿತು. ಇನ್ನೊಂದು: ಇಬ್ಬರು ಮನುಷ್ಯರ ಸೆಲ್ ನಡುವಿನ ವ್ಯತ್ಯಾಸವೆಲ್ಲ ಕಾಯಿಲೆಯದಲ್ಲ. ಅದೇ ಸೆಲ್‌ನಲ್ಲಿ ಕ್ರಿಸ್ಪರ್‌ನಿಂದ ಜೀನ್‌ನ ತಪ್ಪನ್ನು ತಿದ್ದಿದ ಜೋಡಿ ಇಲ್ಲದಿದ್ದರೆ ಫಲಿತಾಂಶ ಓದೋದು ಕಷ್ಟ.

ನೊಣವನ್ನೂ ಕಡೆಗಣಿಸಬೇಡಿ. ಡ್ರೊಸೋಫಿಲಾ ಕಣ್ಣಿನಲ್ಲಿ ಕಾಯಿಲೆಯ ಪ್ರೋಟೀನ್ ಹಾಕಿದರೆ ಕಣ್ಣಿನ ಜೇನುಗೂಡು ವಿನ್ಯಾಸ ಒರಟಾಗುತ್ತದೆ, ಸಾದಾ ಮೈಕ್ರೋಸ್ಕೋಪಿನಲ್ಲೇ ಕಾಣುತ್ತದೆ. ಮೆಕ್ಕೆಜೋಳದ ಹಿಟ್ಟಿನ ಗಂಜಿಗೆ ಔಷಧಿ ಬೆರೆಸಿ ಕೊಟ್ಟರೆ ಆಯಿತು. ನೊಣ ಎಷ್ಟು ತಿಂದಿತು ಅನ್ನೋದು ಮಾತ್ರ ದೇವರಿಗೇ ಗೊತ್ತು. ಔಷಧಿ ಕಹಿಯಾಗಿದ್ದರೆ ಅದು ಉಪವಾಸ ಕೂರುತ್ತದೆ.

ವಿಷವೇ ಮೋಸ ಮಾಡುವ ಜಾಗ

ನನ್ನ ಪ್ರಕಾರ ಜನ ಅತಿ ಕಡಿಮೆ ಯೋಚಿಸೋದು ಇಲ್ಲೇ, ಅತಿ ಜಾಸ್ತಿ ಕೆಡೋದೂ ಇಲ್ಲೇ.

ಹೈಡ್ರೋಜನ್ ಪೆರಾಕ್ಸೈಡ್ ತಗೊಳ್ಳಿ. ಅಗ್ಗ, ಸುಲಭ, ಕೆಲವೇ ಗಂಟೆಯಲ್ಲಿ ಸೆಲ್ ಸಾಯುತ್ತದೆ. ಆದರೆ ಎಷ್ಟೋ ಆಂಟಿಆಕ್ಸಿಡೆಂಟ್‌ಗಳು ಮೀಡಿಯಂನಲ್ಲೇ ಪೆರಾಕ್ಸೈಡನ್ನು ಕೊಂದುಬಿಡುತ್ತವೆ. ಸೆಲ್‌ಗೆ ವಿಷ ತಲುಪಿಯೇ ಇಲ್ಲ, ನೀವು ಉಳಿಸಿದೆವು ಅಂತ ಬರೆಯುತ್ತೀರಿ. ಮೀಡಿಯಂನಲ್ಲಿರುವ ಪೈರುವೇಟ್ ಕೂಡ ಇದೇ ಕೆಲಸ ಮಾಡುತ್ತದೆ. ಹೊಸ ಬಾಟಲಿ ತೆರೆದ ವಾರ ಸೆಲ್‌ಗಳು ಸಾಯೋದನ್ನೇ ನಿಲ್ಲಿಸಿದವು ಅಂತ ನಾನು ಮೂರು ದಿನ ತಲೆ ಕೆರೆದುಕೊಂಡಿದ್ದೆ. ಲೇಬಲ್ ಓದಿದರೆ ಆ ಬಾಟಲಿಯಲ್ಲಿ ಪೈರುವೇಟ್ ಇತ್ತು, ಹಿಂದಿನದರಲ್ಲಿ ಇರಲಿಲ್ಲ.

ಪಾರ್ಕಿನ್ಸನ್‌ಗೆ ಮಾಡೆಲ್ ಆಗಿ ಬಳಸುವ ಎಂಪಿಪಿ ಪ್ಲಸ್ ಎಂಬ ವಿಷ ಡೋಪಮೀನ್ ನರಕೋಶದೊಳಗೆ ಡೋಪಮೀನ್‌ನ ಬಾಗಿಲಿನಿಂದಲೇ ನುಗ್ಗುತ್ತದೆ. ಆ ಬಾಗಿಲು ಮುಚ್ಚುವ ನೊಮಿಫೆನ್ಸಿನ್ ಹಾಕಿದರೆ ಸೆಲ್ ಚೆನ್ನಾಗಿ ಉಳಿಯುತ್ತದೆ. ಅದರಿಂದ ರೋಗಿಗೆ ಏನು ಬಂತು? ರೋಗಿಯ ಮೆದುಳಿನಲ್ಲಿ ಎಂಪಿಪಿ ಪ್ಲಸ್ ಇಲ್ಲವಲ್ಲ. ಪರಿಹಾರ ಸರಳ. ವಿಷ ಹಾಕಿ ಕೆಲವು ಗಂಟೆ ಬಿಟ್ಟು ಆಮೇಲೆ ಔಷಧಿ ಹಾಕುವ ಒಂದು ಪ್ಲೇಟ್ ಇಡಿ. ಬೇರೆ ಬಾಗಿಲಿನಿಂದ ಬರುವ, ಅದೇ ಜಾಗಕ್ಕೆ ಹೊಡೆಯುವ ಇನ್ನೊಂದು ವಿಷದಲ್ಲೂ ನೋಡಿ. ರೊಟೆನೋನ್ ಪೊರೆಯನ್ನು ಸುಮ್ನೆ ದಾಟಿ ಹೋಗುತ್ತದೆ, ಅದಕ್ಕೆ ಬಾಗಿಲೇ ಬೇಡ. ಎರಡರಲ್ಲೂ ಉಳಿಸಿದ ಅಣುವಿಗೆ ಬೆಲೆ ಜಾಸ್ತಿ.

ವಿಷದ ಬದಲು ಕಾಯಿಲೆಯ ಜೀನ್‌ನ್ನೇ ಬಳಸೋದು ಇನ್ನೂ ಒಳ್ಳೆಯದು. ಆದರೆ ಸಾವು ನಿಧಾನ, ವ್ಯತ್ಯಾಸ ಚಿಕ್ಕದು, ಪ್ಲೇಟ್ ಜಾಸ್ತಿ ಬೇಕು.

ಪ್ರಮಾಣದ ಬಗ್ಗೆಯೂ ಹೇಳಿಬಿಡುತ್ತೇನೆ. ನೂರಕ್ಕೆ 95 ಸೆಲ್ ಕೊಲ್ಲುವಷ್ಟು ವಿಷ ಹಾಕಿದರೆ ಯಾವ ಔಷಧಿಯೂ ಗೆಲ್ಲೋದಿಲ್ಲ. ನಾನು 60ರಿಂದ 70 ಸಾಯುವ ಪ್ರಮಾಣದಲ್ಲಿ ನಿಲ್ಲಿಸುತ್ತೇನೆ. ಪ್ಲೇಟಿನ ಗುಣಮಟ್ಟ ಅಳೆಯಲು ಎಲ್ಲರೂ ಬಳಸುವ ಜಡ್‌-ಪ್ರೈಮ್ ಲೆಕ್ಕ 1999ರದು: ಎರಡು ಕಂಟ್ರೋಲ್‌ಗಳ ಎಸ್‌ಡಿ (ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಅಂಕಿ) ಕೂಡಿಸಿ, ಮೂರರಿಂದ ಗುಣಿಸಿ, ಸರಾಸರಿಗಳ ಅಂತರದಿಂದ ಭಾಗಿಸಿ, ಬಂದದ್ದನ್ನು 1ರಿಂದ ಕಳೆಯಿರಿ. 0.5 ದಾಟಿದರೆ ಅಸ್ಸೇ ಗಟ್ಟಿ. ಈಗ ಇಲ್ಲೊಂದು ಕಣ್ಕಟ್ಟು ನೋಡಿ. ಆರೋಗ್ಯದ ಸೆಲ್ 100, ವಿಷದ ಸೆಲ್ 30, ಎಸ್‌ಡಿ ಎರಡರಲ್ಲೂ 5 ಇರಲಿ. ಲೆಕ್ಕ 0.57, ಭೇಷ್. ಆದರೆ ನೀವು ಹುಡುಕುತ್ತಿರೋದು ವಿಷ ಬಿದ್ದ ಮೇಲೂ ಉಳಿದ ಸೆಲ್. ನಿಮ್ಮ ಪಾಸಿಟಿವ್ ಕಂಟ್ರೋಲ್ 65ರವರೆಗೆ ಮಾತ್ರ ಎತ್ತಿದರೆ ಅಂತರ 35, ಲೆಕ್ಕ 0.14ಕ್ಕೆ ಇಳಿಯುತ್ತದೆ. ಪೋಸ್ಟರ್‌ಗಳಲ್ಲಿ ಮೊದಲನೇ ಅಂಕಿ ಹಾಕಿರುತ್ತಾರೆ. ಎರಡನೆಯದನ್ನು ಕೇಳಿ.

ಅಂಚಿನ ಗುಂಡಿಗಳು ಒಣಗುತ್ತವೆ, ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಮಾಡಿದರೆ ಇನ್ನೂ ಬೇಗ. 96ರ ಪ್ಲೇಟಿನಲ್ಲಿ ಅಂಚು 36, ಒಳಗೆ ಉಳಿಯೋದು 60. 384ರಲ್ಲಿ ಅಂಚು 76, ಒಳಗೆ 308. ದೊಡ್ಡ ಪ್ಲೇಟ್ ಆರಿಸಲು ಇದೊಂದೇ ಕಾರಣ ಸಾಕು, ಆದರೆ ಕೈಯಲ್ಲಿ ಪೈಪೆಟ್ ಹಿಡಿದು 384 ತುಂಬುವ ಸಾಹಸ ಬೇಡ.

ಯಾವ ಅಣುಗಳು?

ಈಗಾಗಲೇ ಮಾರುಕಟ್ಟೆಯಲ್ಲಿರುವ ಔಷಧಿಗಳ ಲೈಬ್ರರಿ (ಪರೀಕ್ಷೆಗೆ ಜೋಡಿಸಿಟ್ಟ ಅಣುಗಳ ಸಂಗ್ರಹ) ಚಿಕ್ಕ ಲ್ಯಾಬಿಗೆ ಸರಿ. ಮನುಷ್ಯರಲ್ಲಿ ಸುರಕ್ಷತೆ ಗೊತ್ತಿದೆ, ಮೂರು ನಾಲ್ಕು ವಾರದಲ್ಲಿ ಮುಗಿಯುತ್ತದೆ. 10 ಮೈಕ್ರೋಮೋಲಾರ್‌ನಲ್ಲಿ ಹಿಟ್ ಬಂದರೆ ಕುಣಿಯುವ ಮುಂಚೆ ಆ ಮಾತ್ರೆ ನುಂಗಿದವರ ರಕ್ತದಲ್ಲಿ ಅದು ಎಷ್ಟಿರುತ್ತದೆ, ಮೆದುಳಿಗೆ ದಾಟುತ್ತದೆಯೇ ನೋಡಿ. ಮಿನೋಸೈಕ್ಲಿನ್ ಎಂಬ ಆಂಟಿಬಯಾಟಿಕ್ ಇಲಿಗಳಲ್ಲಿ ನರಕೋಶ ಉಳಿಸಿತ್ತು. 2007ರಲ್ಲಿ ಎಎಲ್‌ಎಸ್ ಟ್ರಯಲ್ ಫಲಿತಾಂಶ ಬಂದಾಗ, ಅದನ್ನು ತೆಗೆದುಕೊಂಡ ರೋಗಿಗಳ ಸ್ಥಿತಿ ಇನ್ನೂ ಬೇಗ ಕೆಟ್ಟಿತ್ತು. ಅದೇ ವರ್ಷ ಪಾರ್ಕಿನ್ಸನ್‌ನಲ್ಲಿ ಸಿಇಪಿ‌-1347 ಕೂಡ ಕೈಕೊಟ್ಟಿತು. ಸೆಲ್ ಸಾವಿನ ಸಿಗ್ನಲ್ ತಡೆಯಲೆಂದೇ ಮಾಡಿದ್ದ ಅಣು ಅದು.

ಗಿಡಮೂಲಿಕೆ ಲೈಬ್ರರಿ ನಮ್ಮವರಿಗೆ ಪ್ರೀತಿ. ಬೇಡ ಅನ್ನೋದಿಲ್ಲ, ಆದರೆ ಮೊದಲು ಗಿಡ ಯಾವುದು ಅಂತ ಖಚಿತ ಮಾಡಿಕೊಳ್ಳಿ. ನಮ್ಮ ಕಡೆ ಒಂದೆಲಗಕ್ಕೂ ಬ್ರಾಹ್ಮಿ ಅಂತಾರೆ, ನೀರುಬ್ರಾಹ್ಮಿಗೂ ಬ್ರಾಹ್ಮಿ ಅಂತಾರೆ. ಒಂದು ಸೆಂಟೆಲ್ಲಾ, ಇನ್ನೊಂದು ಬಕೋಪಾ, ಎರಡಕ್ಕೂ ಸಂಬಂಧವಿಲ್ಲ. ಅಂಗಡಿಯಿಂದ ತಂದ ಪುಡಿಯ ಮೇಲಿನ ಹೆಸರು ನಂಬಿದರೆ ಎರಡು ವರ್ಷ ಯಾವ ಗಿಡದ ಮೇಲೆ ಕೆಲಸ ಮಾಡಿದಿರಿ ಅನ್ನೋದೇ ಗೊತ್ತಾಗೋದಿಲ್ಲ. ಕರ್ಕ್ಯುಮಿನ್ ಎಲ್ಲ ಅಸ್ಸೇಯಲ್ಲೂ ಹಿಟ್ ಆಗುತ್ತದೆ, ಅದೇ ಅದರ ಮೇಲಿನ ಅನುಮಾನಕ್ಕೆ ಕಾರಣ. ಪೇಟೆಂಟ್ ಯೋಚನೆ ಇದ್ದರೆ 2002ರ ಜೈವಿಕ ವೈವಿಧ್ಯ ಕಾಯ್ದೆಯ ನಿಯಮಗಳನ್ನು ಮೊದಲೇ ಓದಿ.

ಟಾರ್ಗೆಟ್ (ಔಷಧಿ ಹಿಡಿಯಬೇಕಾದ ಪ್ರೋಟೀನ್) ಹಿಡಿದು ಹೋಗಬೇಕೋ, ಸೆಲ್ ನೋಡಿಕೊಂಡು ಹೋಗಬೇಕೋ ಅನ್ನುವ ಜಗಳದಲ್ಲಿ ನಾನು ಸೆಲ್ ಕಡೆ. ನೆಕ್ರೊಸ್ಟಾಟಿನ್‌-1 ಸೆಲ್ ಉಳಿಸುತ್ತದೆ ಅಂತ 2005ರಲ್ಲೇ ಗೊತ್ತಾಯಿತು. ಅದು ಹಿಡಿಯೋದು ರಿಪ್‌ಕೆ1ನ್ನು ಅಂತ ತಿಳಿದದ್ದು 2008ರಲ್ಲಿ. ಟಾರ್ಗೆಟ್‌ಗಾಗಿ ಕಾದಿದ್ದರೆ ಅದು ಸಿಗುತ್ತಲೇ ಇರಲಿಲ್ಲ. ಕಂಪ್ಯೂಟರ್ ಡಾಕಿಂಗ್ (ಅಣು ಪ್ರೋಟೀನಿಗೆ ಕೂರುತ್ತದೆಯೇ ಅನ್ನೋ ಲೆಕ್ಕ) ಅಣುಗಳ ಪಟ್ಟಿ ಚಿಕ್ಕದು ಮಾಡಲು ಸರಿ, ಅದರ ಅಂಕವನ್ನೇ ಫಲಿತಾಂಶ ಅಂತ ಥೀಸಿಸ್‌ಗೆ ಹಾಕೋದು ಸರಿಯಲ್ಲ.

ನಾನಾದರೆ

ಆರು ತಿಂಗಳ ಎಂಎಸ್ಸಿ ಪ್ರಾಜೆಕ್ಟ್ ಆದರೆ: ಎಸ್‌ಎಚ್‌-ಎಸ್‌ವೈ5ವೈ, ರೊಟೆನೋನ್, ಗ್ಯಾಲಕ್ಟೋಸ್ ಮೀಡಿಯಂ, 40-50 ಅಣು, ಎಲ್‌ಡಿಎಚ್ ಮೇಲೆ, ಎಟಿಪಿ ಕೆಳಗೆ. ಎಟಿಪಿ ಕಿಟ್‌ಗೆ ದುಡ್ಡಿಲ್ಲದಿದ್ದರೆ ನ್ಯೂಕ್ಲಿಯಸ್‌ಗೆ ಬಣ್ಣ ಹಾಕಿ ಕೈಯಲ್ಲೇ ಎಣಿಸಿ, ಬೇಜಾರಾದರೂ ಸರಿ. ಪಿಎಚ್‌ಡಿ ಆದರೆ ಮೊದಲ ವರ್ಷ ಇದೇ, ಅಷ್ಟರಲ್ಲಿ ಐಪಿಎಸ್ ನರಕೋಶ ಬೆಳೆಸೋದು ಕಲಿತು, ಉಳಿದ ಐದಾರು ಹಿಟ್‌ಗಳನ್ನು ಅದರಲ್ಲಿ ಚಿತ್ರ ತೆಗೆದು ನೋಡಿ. ಸ್ಟೆಮ್ ಸೆಲ್ ಸಮಿತಿಯ ಅನುಮತಿ ಅರ್ಜಿಯನ್ನು ಮೊದಲ ವಾರವೇ ಹಾಕಿ. ಸ್ಟಾರ್ಟಪ್ ಆದರೆ ಮೊದಲ ಸುತ್ತಿಗೆ 384 ಮತ್ತು ಎಟಿಪಿ. ಅದರ ಜೊತೆ ಲೂಸಿಫರೇಸ್ ತಡೆಯುವ ಅಣುಗಳನ್ನು ಬೇರೆ ಮಾಡುವ ಪ್ಲೇಟನ್ನೂ ಬಜೆಟ್ಟಿನಲ್ಲಿ ಮೊದಲೇ ಸೇರಿಸಿ. ಆಮೇಲೆ ಹೂಡಿಕೆದಾರರ ಮುಂದೆ ಕೇಳೋದು ಕಷ್ಟ.

ಯಾರೇ ಆಗಿರಲಿ, ಲೈಬ್ರರಿ ಪ್ಲೇಟಿನ ಹಳೇ ಹನಿಯಿಂದಲೇ ಹಿಟ್ ಮರುಪರೀಕ್ಷೆ ಮಾಡಬೇಡಿ. ಹೊಸ ಪುಡಿ ತರಿಸಿ, ಆದರೆ ಬೇರೆ ಕಂಪನಿಯಿಂದ. ವಿದೇಶದಿಂದ ಬರೋದಾದರೆ ಕಸ್ಟಮ್ಸ್‌ನಲ್ಲಿ ಕೂತು ವಾರಗಳು ಹಿಡಿಯಬಹುದು. ಆ ವಾರಗಳಲ್ಲಿ ಸೆಲ್ ಇಲ್ಲದ ಪ್ಲೇಟುಗಳನ್ನೆಲ್ಲ ಹಾಕಿ ಮುಗಿಸಿಕೊಳ್ಳಿ.